ಗೊಂಬೆಯ ಹೊಟ್ಟೆಯೊಳಗಿನ ನಗು

"ನಗು ಬರ್ತಿಲ್ಲ ಕಣೇ," ಎಂದಳು ಅಕ್ಕ, ಮೈಕಿನಿಂದ ಮುಖ ತಿರುಗಿಸಿ.

ಲೇಖಕಿ ತನ್ನ ಹಾಸ್ಯ ಕಾದಂಬರಿಯ ಅದೇ ಪುಟವನ್ನು ಮೊದಲಿನಿಂದ ಓದಿದಳು. ಎತ್ತರಕ್ಕೆ ಹೆದರುವ ಲಿಫ್ಟ್ ಆಪರೇಟರ್ ಎರಡನೇ ಮಹಡಿಯಲ್ಲೇ ಬಾಗಿಲು ತೆಗೆದು, "ಇಲ್ಲೀವರೆಗೆ ನನ್ನ ಕೆಲಸ, ಇಲ್ಲಿಂದ ಮೇಲೆ ನಿಮ್ಮ ಹಣೆಬರಹ" ಎಂದು ಜನರನ್ನು ಇಳಿಸಿಬಿಡುವ ಪ್ರಸಂಗ. ಅಕ್ಕ ಹಲ್ಲು ಕಿರಿದಳು.

"ಅಮ್ಮಾ, ಇದು ಡೆಂಟಿಸ್ಟ್ ಹತ್ರ ಬಾಯಿ ತೆಗೆದ ಹಾಗಿದೆ," ಎಂದ ಗಾಜಿನಾಚೆ ಕುಳಿತಿದ್ದ ಧ್ವನಿ ತಂತ್ರಜ್ಞ. "ನಮಗೆ ಆ ಹಳೇ ನಗುವಿನಂಥದ್ದೇ ಬೇಕು."

ಆ ಕಾದಂಬರಿ ಮೊದಲು ರೇಡಿಯೊಗೆ ಹೋಗಿತ್ತು. ಲೇಖಕಿಯೇ ಓದಿದ್ದಳು, ಜೊತೆಗೆ ಬಂದು ಮೂಲೆಯಲ್ಲಿ ಕುಳಿತಿದ್ದ ಅಕ್ಕ ತಡೆಯಲಾರದೆ ನಕ್ಕಿದ್ದು ಧ್ವನಿಮುದ್ರಿಕೆಯಲ್ಲಿ ಸೇರಿಕೊಂಡಿತ್ತು. ಅದನ್ನು ಯಾರೂ ಅಳಿಸಲಿಲ್ಲ. ಆಮೇಲೆ ನಾಟಕ, ಟೀವಿ ಧಾರಾವಾಹಿ, ಸಿನಿಮಾ, ಮೊಬೈಲ್ ಆಟ. ನಟರು ಬದಲಾದರು, ಕಥೆಯೂ ಬದಲಾಯಿತು, ಆ ನಗು ಮಾತ್ರ ಉಳಿಯಿತು. ಈಗ ಮಾತನಾಡುವ ಗೊಂಬೆ ಬರಲಿತ್ತು. ಹೊಟ್ಟೆ ಒತ್ತಿದರೆ ನಗಬೇಕು; ಹಳೆಯ ಮುದ್ರಿಕೆಯ ನಗು ಅದರ ಪುಟ್ಟ ಸ್ಪೀಕರಿನಲ್ಲಿ ಕೆಮ್ಮಿದಂತೆ ಕೇಳುತ್ತಿದ್ದರಿಂದ ಹೊಸದಾಗಿ ಮುದ್ರಿಸಬೇಕಿತ್ತು.

ಲೇಖಕಿಗೆ ಗೊಂಬೆಯ ಚಿಂತೆ ಅಷ್ಟಿರಲಿಲ್ಲ. ಕಾದಂಬರಿಯ ಎರಡನೇ ಭಾಗ ಅರ್ಧಕ್ಕೇ ನಿಂತಿತ್ತು. ಬರೆದದ್ದು ಸಪ್ಪೆ ಎನಿಸಿದಾಗಲೆಲ್ಲ ಅವಳು ಆ ನಗುವನ್ನು ಹಾಕಿಕೊಂಡು ಕೇಳುತ್ತಿದ್ದಳು. ತನಗೆ ನಗಿಸಲು ಬರುತ್ತದೆ ಎಂಬುದಕ್ಕೆ ಅವಳ ಬಳಿ ಇದ್ದ ಸಾಕ್ಷಿ ಅದೊಂದೇ.

"ಹಳೇದು ಒಂದ್ಸಲ ಹಾಕಿ," ಎಂದಳು. ಕೋಣೆಯ ತುಂಬ ನಗು ಉಕ್ಕಿ, ಉಸಿರುಗಟ್ಟಿ, ಮತ್ತೆ ಉಕ್ಕಿತು. "ಈಗ ಹೇಳಕ್ಕ. ಅವತ್ತು ಯಾವ ಸಾಲಿಗೆ ನಕ್ಕೆ? ಅದನ್ನೇ ಓದ್ತೀನಿ."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಸಾಲಿಗಲ್ಲ."

"ಮತ್ತೆ?"

"ನಿನ್ನ ಕಾಲಿಗೆ. ನೀನು ಅವಸರದಲ್ಲಿ ಹೊರಟಿದ್ದೆ ನೋಡು. ಒಂದು ಕಾಲಲ್ಲಿ ನಿನ್ನ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ನನ್ನ ಹಸಿರು ಚಪ್ಪಲಿ. ಮಹಾರಾಣಿ ಥರ ನಿಂತ್ಕೊಂಡು ಓದ್ತಿದ್ದೀಯ! ರೆಕಾರ್ಡಿಂಗ್ ನಡೀತಿದೆ ಅನ್ನೋ ಕೆಂಪು ದೀಪ ಉರೀತಿತ್ತು, ಹೇಳೋ ಹಾಗಿಲ್ಲ."

"ಆಮೇಲಾದ್ರೂ ಹೇಳಬಾರದಿತ್ತಾ?"

"ಹೇಳೋಣ ಅಂದ್ರೆ ಆ ರೇಡಿಯೊ ನಿರ್ಮಾಪಕರು ಓಡಿ ಬಂದು, ಎಂಥಾ ಹಾಸ್ಯ ಅಂತ ನಿನ್ನ ಕೈ ಕುಲುಕಿದ್ರು. ನಿನ್ನ ಮುಖ ನೋಡಿ ಬಾಯಿ ಮುಚ್ಕೊಂಡೆ."

"ಹಾಗಾದ್ರೆ ಪುಸ್ತಕ?"

"ಚೆನ್ನಾಗೇ ಇದೆ," ಎಂದಳು ಅಕ್ಕ, ಹುಷಾರಾಗಿ. "ಓದ್ತಾ ಓದ್ತಾ ಮನಸ್ಸು ಹಗುರ ಆಗುತ್ತೆ. ಆದ್ರೆ ಉಸಿರು ಕಟ್ಟೋ ಹಾಗೆ ನಗು... ಅದು ನೀನು."

ತಂತ್ರಜ್ಞ ಗಂಟಲು ಸರಿಪಡಿಸಿಕೊಂಡ. "ಮೇಡಂ, ಇನ್ನೊಂದು ಟೇಕ್ ತಗೊಳ್ಳೋಣವಾ?"

ಲೇಖಕಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ತನ್ನ ಕಾಲಲ್ಲಿ ಹೊಳೆಯುವ ಕಂದು ಚಪ್ಪಲಿ, ಎರಡೂ ಒಂದೇ ಜೊತೆಯವು. ಆಮೇಲೆ ಎಡಗಾಲಿನದನ್ನು ಕಳಚಿ ಅಕ್ಕನ ಕಡೆಗೆ ನಿಧಾನವಾಗಿ ತಳ್ಳಿ, ಅವಳ ಒಂದು ಚಪ್ಪಲಿಯತ್ತ ಬರಿಗಾಲು ಚಾಚಿದಳು.

ಕೆಂಪು ದೀಪ ಹೊತ್ತಿಕೊಂಡಿತು.