ಬೂಟು ಕೊಂಡವರ ಬೊಬ್ಬೆ

ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಹಿಮ್ಮಡಿಯಲ್ಲಿ ಇನ್ನೂ ಎರಡು ಬೊಬ್ಬೆ ಎದ್ದಿದ್ದವು.

"ಮತ್ತ್ಯಾರೋ ಆ ಬೂಟು ತಗೊಂಡ್ರಾ ವಾರಿಜಾ?" ಎನ್ನುತ್ತ ಅಮ್ಮ ಕೊಬ್ಬರಿ ಎಣ್ಣೆ ತಂದಳು.

"ಹೂಂ ಅಮ್ಮ, ಇಬ್ಬರು."

ಒಂದು ವಸ್ತುವನ್ನು ಶಿಫಾರಸು ಮಾಡಿದವರ ಮೈಗೆ ಅದನ್ನು ಕೊಂಡವರ ನೋವು ಬರತೊಡಗಿ ಮೂರು ವರ್ಷವಾಯಿತು. ಉಪ್ಪಿನಕಾಯಿಗಳ ಬಗ್ಗೆ ಬರೆಯುವ ಎದುರುಮನೆ ಆಂಟಿಗೆ ದಿನವೂ ಎದೆಯುರಿ.

ಸಂದರ್ಶನಗಳಲ್ಲಿ ಬಾಯೇ ಬಿಡದ ನನಗೆ ಬೇರೆ ಕೆಲಸ ಸಿಕ್ಕಿಲ್ಲ. ನಾನು ವಸ್ತುಗಳ ಬಗ್ಗೆ ಬರೆಯುವ ವೆಬ್‌ಸೈಟಿನ ಲಿಂಕ್ ಒತ್ತಿ ಜನ ಅವನ್ನು ಕೊಂಡಾಗ ಬರುವ ಕಮಿಷನ್ನೇ ನನ್ನ ಸಂಪಾದನೆ. ಅದರಲ್ಲಿ ಮುಕ್ಕಾಲು ಪಾಲು ಈ ಬೂಟಿನದು. ತಪ್ಪು ನನ್ನದೇ. ಬೀದಿಗಿಳಿಯಲು ಸಂಕೋಚಪಟ್ಟು, ಮನೆಯ ನುಣುಪು ಟೈಲ್ಸ್ ಮೇಲಷ್ಟೇ ನಡೆದು 'ಕಾಲಿಗೆ ಬಹಳ ಹಿತ' ಎಂದು ಬರೆದಿದ್ದೆ.

ಲಿಂಕ್ ತೆಗೆಯುತ್ತೇನೆಂದು ನಿನ್ನೆ ಮೇಲ್ ಕಳಿಸಿದ್ದಕ್ಕೆ ಬೂಟಿನ ಕಂಪನಿಯ ಮಹಾಂತೇಶ್ ಇಂದು ಫೋನ್ ಮಾಡಿದರು. "ದುಡುಕಬೇಡಿ ಮೇಡಂ. ಕಮಿಷನ್ ಡಬಲ್ ಮಾಡ್ತೀವಿ. ನಿಮ್ಮ ಕಾಲಿಗೆ ಒಳ್ಳೇ ಮುಲಾಮೂ ಕಳಿಸ್ತೀವಿ."

"ಕೊಂಡವರಿಗೂ ಕಳಿಸ್ತೀರಾ ಸರ್?"

ಅವರು ನಕ್ಕರು. "ಅವ್ರೇನು ನಿಮ್ಮ ನೆಂಟರಾ?"

ಫೋನಿನಲ್ಲಿ ನಾನು ಅದುವರೆಗೆ ಯಾರಿಗೂ ಎದುರಾಡಿದವಳಲ್ಲ. "ನೆಂಟರ ಕಾಲು ನೋವು ನನಗೆ ಗೊತ್ತಾಗಲ್ಲ ಸರ್. ಇವರದ್ದು ಗೊತ್ತಾಗುತ್ತೆ," ಎಂದು ಫೋನಿಟ್ಟೆ. ಲಿಂಕ್ ಅಳಿಸಿದೆ. ಆ ಜಾಗದಲ್ಲಿ 'ಮನೆಯೊಳಗೆ ಮಾತ್ರ ನಡೆದು ಬರೆದಿದ್ದೆ, ತಪ್ಪಾಯಿತು' ಎಂದು ಬರೆದೆ.

ಆಮೇಲೆ, ಮುಂದೆ ಬರೆಯಬೇಕಿದ್ದ ಬೇರೊಂದು ಕಂಪನಿಯ ಬೂಟು ಹಾಕಿಕೊಂಡು ಬೀದಿ ಬಾಗಿಲು ತೆರೆದೆ.

"ಎಲ್ಲಿಗೇ?" ಅಮ್ಮನಿಗೆ ಗಾಬರಿ.

"ಮಾರ್ಕೆಟ್‌ವರೆಗೆ ನಡ್ಕೊಂಡು ಹೋಗಿ ಬರ್ತೀನಿ."

"ಈ ಕಾಲಲ್ಲಾ?"

"ಈ ಕಾಲಲ್ಲೇ ಅಮ್ಮ."