ಹನ್ನೊಂದನೆಯ ಬಾಗಿಲು

ಹುಬ್ಬಳ್ಳಿಯಲ್ಲಿ ಈಗ ಮನೆಗೊಂದು ಬೀಗವಲ್ಲ, ಮನುಷ್ಯನಿಗೊಂದು ಬೀಗ. ನಿಮಗೆ ಬೇಕಾದವರು ತಮ್ಮ ಬೀಗದ ಪಡಿಯಚ್ಚು ಕೊಡುತ್ತಾರೆ, ನೀವು ಅದನ್ನು ನಿಮ್ಮ ಬಾಗಿಲಿಗೆ ತೂಗುಹಾಕುತ್ತೀರಿ. ಆಮೇಲೆ ಬಾಗಿಲಲ್ಲಿ ಎಷ್ಟು ಬೀಗಗಳಿದ್ದರೂ ಅವರು ತಮ್ಮದೊಂದನ್ನು ತಮ್ಮದೇ ಕೀಲಿಯಿಂದ ತೆರೆದರೆ ಸಾಕು, ಒಳಗೆ ಬರಬಹುದು. ಬೀಗವನ್ನು ಊರಿಗೆಲ್ಲ ಹಂಚಬಹುದು. ಕೀಲಿ ಮಾತ್ರ ಹೆತ್ತ ತಾಯಿಗೂ ಕೊಡುವಂತಿಲ್ಲ.

ನಿಶ್ಚಿತಾರ್ಥದ ಮರುದಿನ ಗುರುನಾಥ ತನ್ನ ಬೀಗ ಕೊಡಲು ಪ್ರಭಾವತಿಯ ಮನೆಗೆ ಬಂದ. ಗಾಬರಿಯಲ್ಲಿ ಅವಳ ಅಂಗೈಗೆ ಕೀಲಿಯನ್ನೇ ಇಟ್ಟುಬಿಟ್ಟ.

"ಅಯ್ಯ, ಇದೇನ್ ಮಾಡಿದ್ರಿ?" ಎಂದು ಪ್ರಭಾವತಿ ನಕ್ಕಳು. ಇನ್ನೊಬ್ಬರ ಕೈ ಸೇರಿದ ಕೀಲಿ ಕೆಟ್ಟಂತೆಯೇ. ಬೀಗ-ಕೀಲಿಯ ಹೊಸ ಜೋಡಿ ಮಾಡಿಸಿ, ಅವನ ಬೀಗವಿದ್ದ ಹನ್ನೊಂದು ಬಾಗಿಲಿಗೂ ಹೋಗಿ ಬದಲಿಸಬೇಕು. ತಪ್ಪಿನಲ್ಲಿ ತನ್ನ ಕೈಯೂ ಇದೆಯೆಂದು ಅವಳೂ ಹೊರಟಳು.

ಹತ್ತು ಮನೆಗಳಲ್ಲಿ ಹತ್ತು ಬಗೆಯ ಗೇಲಿ, ಹತ್ತು ಸಲ ಚಹಾ. ಹನ್ನೊಂದನೆಯ ಮನೆಯ ಓಣಿಯಲ್ಲಿ ಗುರುನಾಥ ನಿಂತುಬಿಟ್ಟ.

"ನಮ್ಮ ಅಕ್ಕನ ಮನಿ. ಮಾತು ಬಿಟ್ಟು ಮೂರು ವರ್ಷ ಆತು. ನನ್ನ ಬೀಗ ಯಾವಾಗೋ ಕಿತ್ತು ಒಗದಿರ್ತಾಳ."

"ನೋಡೇ ಬಿಡೋಣ ಬರ್ರಿ," ಎಂದಳು ಪ್ರಭಾವತಿ.

ಬೀಗ ಅಲ್ಲೇ ಇತ್ತು. ತುಕ್ಕಿನ ಕಲೆಯಿಲ್ಲ, ಎಣ್ಣೆ ಹಚ್ಚಿದ ಹೊಳಪು ಇನ್ನೂ ಆರಿರಲಿಲ್ಲ. ಸದ್ದು ಕೇಳಿ ಅಕ್ಕ ನೀಲಾಂಬಿಕೆ ಕಿಟಕಿಯಿಂದ ಇಣುಕಿದಳು. ಗುರುನಾಥ ತಡವರಿಸುತ್ತ ನಡೆದದ್ದನ್ನೆಲ್ಲ ಹೇಳಿದ.

ಅವಳು ಬಾಗಿಲು ತೆರೆಯಲು ಬರಲಿಲ್ಲ.

"ಹೊಸಾದು ಆಮ್ಯಾಲೆ ಹಾಕಿದ್ರಾತು," ಎಂದಳು. "ಮೊದಲ ನಿನ್ನ ಕೀಲಿ ಹಾಕಿ ಆ ಹಳೇ ಬೀಗ ಒಮ್ಮೆ ತಗದು ಇಬ್ರೂ ಒಳಗ ಬರ್ರಿ."