ಒದ್ದೆ ಬಟ್ಟೆ

ಹೊಟ್ಟೆಕಿಚ್ಚಿಗೆ ಸೀರೆ ಸುಡುವುದು ಶುರುವಾದಾಗಿನಿಂದ, ಅಭಿನಂದಿಸಲು ಹೊರಟವರೆಲ್ಲ ಸೀರೆಯೊಳಗೆ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ನಾನು ಎರಡು ಸುತ್ತಿಕೊಂಡಿದ್ದೆ. ಸಂಜೆ ಕಾಲೇಜಿನಲ್ಲಿ ಪಕ್ಕದಲ್ಲೇ ಕೂತು ಓದಿದ ವಾರಿಜಾಗೆ ಮೊದಲ ರ‍್ಯಾಂಕ್ ಬಂದಿತ್ತು; ನಾನು ಫೇಲಾಗಿದ್ದೆ. ನನ್ನ ಸೀರೆಯಲ್ಲಿ ಸುಟ್ಟ ಕಲೆ ಕಂಡರೆ ನಾಲ್ಕು ವರ್ಷದ ಗೆಳೆತನ ಅಲ್ಲಿಗೇ ಮುಗಿದಂತೆ.

ಕಾಲೇಜಿನ ಅಂಗಳದಲ್ಲಿ ಅವಳನ್ನು ತಬ್ಬಿಕೊಂಡಾಗ ಸುಟ್ಟ ವಾಸನೆ ಬಂತು. ಗಾಬರಿಯಿಂದ ಬಗ್ಗಿ ನೋಡಿದೆ. ಹೊಗೆಯಾಡುತ್ತಿದ್ದದ್ದು ಅವಳ ರೇಷ್ಮೆ ಸೀರೆ.

"ನಿಂಗ್ಯಾಕೇ? ಗೆದ್ದೋಳು ನೀನು!"

"ಫೇಲಾದೋಳಿಗೂ ನಿಮ್ಮಮ್ಮ ಹೋಳಿಗೆ ತಂದು ಗೇಟ್ ಹತ್ರ ಕಾಯ್ತಿದಾರೆ. ನಮ್ಮನೇಲಿ ರಿಸಲ್ಟ್ ಏನಾಯ್ತು ಅಂತಾನೂ ಕೇಳ್ಲಿಲ್ಲ."

ನನ್ನ ಒದ್ದೆ ಬಟ್ಟೆಗಳನ್ನು ಎಳೆದು ಅವಳ ಹೊಟ್ಟೆಗೆ ಒತ್ತಿ ಹಿಡಿದೆ.

"ಈಗ ನಿನ್ ಸೀರೇಲಿ ಹೊಗೆ ಬರ್ತಿದೆ ಕಣೇ," ಎಂದಳು. ನನ್ನನ್ನು ತಬ್ಬಿದ ಕೈ ಮಾತ್ರ ಬಿಡಲಿಲ್ಲ.